ಯಾವ ಸೈಜಿನ ಅರೇ ಕೊಟ್ಟರೂ ಕೆಲಸ ಮಾಡುವ ಫಂಕ್ಷನ್: ಪ್ಯಾಸ್ಕಲ್‌ನಿಂದ ಸಿ ತನಕ

ದಾವಣಗೆರೆ ಎಪಿಎಂಸಿಯಲ್ಲಿ ಮೆಕ್ಕೆಜೋಳದ ಸೀಸನ್ ಶುರುವಾಗಿದೆ ಅಂದುಕೊಳ್ಳಿ. ಒಂದು ದಲಾಲಿ ಅಂಗಡಿಗೆ ಇವತ್ತು 12 ಲಾಟ್ ಬಂದಿದೆ, ನಾಳೆ 40 ಬರಬಹುದು, ಮಳೆ ಹಿಡಿದರೆ ನಾಡಿದ್ದು ಒಂದೂ ಇಲ್ಲ. ಪ್ರತಿ ಲಾಟಿನ ತೂಕ ಒಂದು ಅರೇಯಲ್ಲಿದೆ. ಒಟ್ಟು ಎಷ್ಟು ಕ್ವಿಂಟಲ್ ಅಂತ ಹೇಳುವ ಒಂದು ಫಂಕ್ಷನ್ ಬೇಕು. 12ಕ್ಕೆ ಬೇರೆ, 40ಕ್ಕೆ ಬೇರೆ ಅಂತ ಬರೆಯುತ್ತಾ ಕೂರೋಕಾಗುತ್ತಾ? ಒಂದೇ ಫಂಕ್ಷನ್ ಎಲ್ಲ ಸೈಜಿಗೂ ಆಗಬೇಕು.

ಪೈಥಾನ್‌ನಲ್ಲೇ ಕಲಿತವರಿಗೆ ಇದೂ ಒಂದು ಸಮಸ್ಯೆಯಾ ಅನ್ನಿಸುತ್ತದೆ. ಅಲ್ಲಿ ಲಿಸ್ಟು ತನ್ನ ಉದ್ದವನ್ನು ತಾನೇ ಹೊತ್ತುಕೊಂಡು ತಿರುಗುತ್ತದೆ. ಆದರೆ ಡಿಪ್ಲೊಮಾ, ಬಿಸಿಎ, ಬಿಇ ಯಾವುದೇ ಲ್ಯಾಬಿಗೆ ಹೋಗಿ, ಸಿ ಎದುರಾಗುತ್ತದೆ. ಹಳೆಯ ಸಾಫ್ಟ್‌ವೇರ್ ರಿಪೇರಿ ಕೆಲಸ ಸಿಕ್ಕರೆ ಪ್ಯಾಸ್ಕಲ್, ಡೆಲ್ಫಿ, ಫೋರ್ಟ್ರಾನ್ ಕೂಡ ಸಿಗುತ್ತವೆ. ಅಲ್ಲೆಲ್ಲ ಈ ವಿಷಯದಲ್ಲಿ ಒಂದೊಂದು ಭಾಷೆಯದು ಒಂದೊಂದು ದಾರಿ. ಗೊತ್ತಿಲ್ಲದೆ ಹೋದರೆ ಹಲವು ಸಲ ಪ್ರೋಗ್ರಾಂ ಕೆಡುವುದಿಲ್ಲ, ತಪ್ಪು ಉತ್ತರ ಕೊಡುತ್ತದೆ. ಅದು ಇನ್ನೂ ಕಷ್ಟ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ಕೋಡನ್ನು ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಅದೇ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಹಾಕಿ. ಅರೇ, ಬಿಗಿನ್, ಎಂಡ್ ಇವೆಲ್ಲ ಭಾಷೆಯ ಪದಗಳು, ಮೊತ್ತ, ತೂಕ ಇವು ನಾವಿಟ್ಟ ಹೆಸರುಗಳು.

ಮೊದಲು ನಾಲ್ಕು ಪ್ರಶ್ನೆ ಕೇಳಿಕೊಳ್ಳಿ

ಕೋಡ್ ಬರೆಯುವ ಮುಂಚೆ ಈ ನಾಲ್ಕನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ.

1. ಅರೇ ಮೆಮೊರಿಯಲ್ಲಿ ಎಲ್ಲಿ ಶುರುವಾಗುತ್ತದೆ?
2. ಅದರಲ್ಲಿ ಒಟ್ಟು ಎಷ್ಟು ಮನೆ ಇವೆ?
3. ಮೊದಲ ಮನೆಯ ನಂಬರ್ ಎಷ್ಟು? 0, 1, ಅಥವಾ ಬೇರೇನೋ?
4. ಆ ಮನೆಗಳಲ್ಲಿ ನಿಜವಾಗಿ ತುಂಬಿರುವುದು ಎಷ್ಟು?

ಮೊದಲನೆಯದನ್ನು ಎಲ್ಲ ಭಾಷೆಗಳೂ ಫಂಕ್ಷನ್‌ಗೆ ತಲುಪಿಸುತ್ತವೆ. ಎರಡು ಮತ್ತು ಮೂರನ್ನು ಕೆಲವು ತಲುಪಿಸುತ್ತವೆ, ಕೆಲವು ಅರ್ಧ ತಲುಪಿಸುತ್ತವೆ, ಸಿ ಎರಡನೆಯದನ್ನೂ ತಲುಪಿಸುವುದಿಲ್ಲ. ನಾಲ್ಕನೆಯದನ್ನು ಯಾವ ಭಾಷೆಯೂ ತಾನಾಗಿ ಹೇಳುವುದಿಲ್ಲ, ಅದು ನಿಮ್ಮ ತಲೆನೋವು. ಈ ಲೇಖನದಲ್ಲಿ ಮುಂದೆ ಬರುವುದೆಲ್ಲ, ಭಾಷೆ ಯಾವುದನ್ನು ಹೊರುತ್ತದೆ, ನೀವು ಯಾವುದನ್ನು ಹೊರಬೇಕು ಅನ್ನುವ ಲೆಕ್ಕವೇ.

ಪ್ಯಾಸ್ಕಲ್: ತೊಂದರೆ ಶುರುವಾದ ಜಾಗ

ನಿಕ್ಲಾಸ್ ವಿರ್ತ್ 1970ರಲ್ಲಿ ಕೊಟ್ಟ ಪ್ಯಾಸ್ಕಲ್‌ನಲ್ಲಿ ಅರೇಯ ಸೈಜು ಅದರ ಟೈಪಿನ ಭಾಗವೇ ಆಗಿತ್ತು. ಅಂದರೆ 1ರಿಂದ 12ರ ಅರೇ ಒಂದು ಟೈಪು, 1ರಿಂದ 40ರ ಅರೇ ಪೂರ್ತಿ ಬೇರೆ ಟೈಪು. ಒಂದಕ್ಕೆ ಬರೆದ ಫಂಕ್ಷನ್‌ಗೆ ಇನ್ನೊಂದನ್ನು ಕೊಟ್ಟರೆ ಕಂಪೈಲರ್ ಬಾಗಿಲಲ್ಲೇ ತಡೆಯುತ್ತದೆ. ಕಟ್ಟುನಿಟ್ಟು ಒಳ್ಳೆಯದೇ, ಆದರೆ ಯಾವ ಸೈಜಿಗೂ ಆಗುವ ಒಂದು ಸಾರ್ಟಿಂಗ್ ಫಂಕ್ಷನ್ ಬರೆದು ಲೈಬ್ರರಿಯಲ್ಲಿ ಇಡುವ ಹಾಗೇ ಇರಲಿಲ್ಲ. 1981ರಲ್ಲಿ, ಸಿ ಭಾಷೆಯ ಪ್ರಸಿದ್ಧ ಪುಸ್ತಕದ ಸಹಲೇಖಕ ಬ್ರಯನ್ ಕರ್ನಿಗನ್ ಪ್ಯಾಸ್ಕಲ್ ಮೇಲೆ ಎತ್ತಿದ ದೊಡ್ಡ ತಕರಾರೇ ಇದು.

1983ರ ಐಎಸ್‌ಒ 7185 ಮಾನದಂಡದಲ್ಲಿ ಇದಕ್ಕೆ ಉತ್ತರ ಬಂತು. ಹೆಸರು ಕನ್‌ಫಾರ್ಮೆಂಟ್ ಅರೇ ಪ್ಯಾರಾಮೀಟರ್. ಆದರೆ ಅದನ್ನು ಎಲ್ಲ ಕಂಪೈಲರ್‌ಗೂ ಕಡ್ಡಾಯ ಮಾಡಲಿಲ್ಲ. ಲೆವೆಲ್ 0, ಲೆವೆಲ್ 1 ಅಂತ ಎರಡು ದರ್ಜೆ ಮಾಡಿ, ಇದನ್ನು ಲೆವೆಲ್ 1ರಲ್ಲಿ ಇಟ್ಟರು. ಅಮೆರಿಕದ ಮಾನದಂಡ ಇದನ್ನು ಸೇರಿಸಿಕೊಳ್ಳಲೇ ಇಲ್ಲ. ಹಾಗಾಗಿ ನಿಮ್ಮ ಕಂಪೈಲರ್‌ನಲ್ಲಿ ಇದು ಇರಬಹುದು, ಇಲ್ಲದೆಯೂ ಇರಬಹುದು. ಇದ್ದರೆ ಬರೆಯುವುದು ಹೀಗೆ:

ಫಂಕ್ಷನ್ ಮೊತ್ತ(ವರ್ ಎ: ಅರೇ [ಕೆಳ..ಮೇಲೆ: ಇಂಟಿಜರ್] ಆಫ್ ರಿಯಲ್): ರಿಯಲ್;
ವರ್ ಐ: ಇಂಟಿಜರ್; ಒ: ರಿಯಲ್;
ಬಿಗಿನ್
  ಒ := 0;
  ಫಾರ್ ಐ := ಕೆಳ ಟು ಮೇಲೆ ಡು ಒ := ಒ + ಎ[ಐ];
  ಮೊತ್ತ := ಒ
ಎಂಡ್;

ಇಲ್ಲಿ ಕೆಳ, ಮೇಲೆ ಅನ್ನುವುದು ನೀವು ಕಳಿಸುವ ಪ್ಯಾರಾಮೀಟರ್‌ಗಳಲ್ಲ. ಅರೇ ಕೊಟ್ಟ ಕೂಡಲೇ ಅದರ ಎರಡೂ ಅಂಚು ತಾವಾಗಿ ಇವುಗಳಿಗೆ ಬಂದು ಕೂರುತ್ತವೆ. ಬದಲಾಯಿಸೋಕೆ ಬರುವುದಿಲ್ಲ, ಓದಬಹುದು ಅಷ್ಟೇ. 1ರಿಂದ 12 ಇರುವ ಅರೇ ಕೊಟ್ಟರೆ ಒಳಗೂ 1ರಿಂದ 12. 1990ರಿಂದ 2020ರ ತನಕದ ವರ್ಷವಾರು ಅರೇ ಕೊಟ್ಟರೆ ಒಳಗೂ 1990ರಿಂದ 2020. ಪ್ರಶ್ನೆ ಎರಡು ಮತ್ತು ಮೂರು ಎರಡನ್ನೂ ಭಾಷೆಯೇ ಹೊತ್ತಿತು.

ನನಗೆ ಇದರಲ್ಲಿ ತುಂಬಾ ಇಷ್ಟವಾಗುವ ಸಣ್ಣ ನಿಯಮ ಒಂದಿದೆ. ‘ವರ್ ತೂಕ, ದರ: ಅರೇ [ಕೆಳ..ಮೇಲೆ: ಇಂಟಿಜರ್] ಆಫ್ ರಿಯಲ್’ ಅಂತ ಎರಡು ಹೆಸರನ್ನು ಒಟ್ಟಿಗೆ ಬರೆದರೆ, ಕೊಡುವ ಎರಡು ಅರೇಗಳೂ ಒಂದೇ ಟೈಪಿನವಾಗಿರಬೇಕು. 12 ಲಾಟಿನ ತೂಕ ಕೊಟ್ಟು 11 ಲಾಟಿನ ದರ ಕೊಟ್ಟರೆ ಕಂಪೈಲೇ ಆಗುವುದಿಲ್ಲ. ಸರಾಸರಿ ದರ ತೆಗೆಯುವಾಗ ಇಂಥ ತಪ್ಪು ಎಷ್ಟು ಸುಲಭವಾಗಿ ನುಸುಳುತ್ತದೆ ಅನ್ನುವುದು ಲೆಕ್ಕ ಬರೆದವರಿಗೆ ಗೊತ್ತು. ಇಷ್ಟು ಒಳ್ಳೆಯ ಸೌಲಭ್ಯ ಮೂಲೆಗೆ ಬಿದ್ದಿದ್ದು ಬೇಜಾರಿನ ಸಂಗತಿ.

ಫ್ರೀ ಪ್ಯಾಸ್ಕಲ್, ಡೆಲ್ಫಿ: ಓಪನ್ ಅರೇ

ನೀವು ಇವತ್ತು ಕೂತು ಪ್ಯಾಸ್ಕಲ್ ಬರೆದರೆ ಬಹುತೇಕ ಫ್ರೀ ಪ್ಯಾಸ್ಕಲ್‌ನಲ್ಲೇ ಬರೆಯುತ್ತೀರಿ. ಉಬುಂಟುವಿನಲ್ಲಿ ಎಫ್‌ಪಿಸಿ ಅನ್ನುವ ಪ್ಯಾಕೇಜ್ ಹಾಕಿಕೊಂಡರೆ ಆಯಿತು. ಇಲ್ಲಿ ನಡೆಯುವುದು ಓಪನ್ ಅರೇ. ವಿರ್ತ್ ಅವರೇ ಮುಂದೆ ಮಾಡಿದ ಮಾಡ್ಯುಲಾ-2ರಲ್ಲಿ ಇದೇ ವಿಧಾನ ಇತ್ತು, ಆಮೇಲೆ ಟರ್ಬೊ ಪ್ಯಾಸ್ಕಲ್ 7 ಇದನ್ನು ತಂದಿತು.

ಫಂಕ್ಷನ್ ಮೊತ್ತ(ಕಾನ್ಸ್ಟ್ ಎ: ಅರೇ ಆಫ್ ಡಬಲ್): ಡಬಲ್;
ವರ್ ಐ: ಇಂಟಿಜರ್;
ಬಿಗಿನ್
  ರಿಸಲ್ಟ್ := 0;
  ಫಾರ್ ಐ := ಲೋ(ಎ) ಟು ಹೈ(ಎ) ಡು ರಿಸಲ್ಟ್ := ರಿಸಲ್ಟ್ + ಎ[ಐ];
ಎಂಡ್;

ಲೋ ಅಂದರೆ ಅರೇಯ ಮೊದಲ ಮನೆಯ ನಂಬರ್, ಹೈ ಅಂದರೆ ಕೊನೆಯ ಮನೆಯ ನಂಬರ್. ಟೈಪ್ ಮಾಡುವಾಗ ಲೋ, ಹೈ ಎರಡರ ಪೂರ್ತಿ ಇಂಗ್ಲಿಷ್ ಸ್ಪೆಲಿಂಗ್ ಹಾಕಿ. ಕೊನೆಯ ಎರಡು ಅಕ್ಷರ ಬಿಟ್ಟು ‘ಹೈ’ ಬರೆದರೆ ಬೈಟು ಒಡೆಯುವ ಬೇರೆಯೇ ಫಂಕ್ಷನ್ ಅದು. ‘ರಿಸಲ್ಟ್’ ಬಳಸೋಕೆ ಫೈಲಿನ ಮೇಲೆ ಡೆಲ್ಫಿ ಮೋಡ್ ಅಥವಾ ಆಬ್ಜೆಕ್ಟ್ ಎಫ್‌ಪಿಸಿ ಮೋಡ್ ಅಂತ ಹಾಕಿರಬೇಕು.

ಬರೆಯೋಕೆ ಇದು ಇನ್ನೂ ಸುಲಭ. ಹೆಸರಿಟ್ಟ ಅರೇಯೇ ಬೇಕಂತಿಲ್ಲ, ಮೊತ್ತ([18.5, 22.0, 9.75]) ಅಂತ ನೇರವಾಗಿ ಕರೆದರೂ ನಡೆಯುತ್ತದೆ. ಆದರೆ ಕಾಲಿಗೆ ತೊಡರುವ ಕಲ್ಲುಗಳೂ ಇಲ್ಲೇ ಜಾಸ್ತಿ, ಸ್ವಲ್ಪ ನಿಧಾನವಾಗಿ ನೋಡೋಣ.

ಒಂದು, ನಂಬರಿಂಗ್ ಬದಲಾಗುತ್ತದೆ. ಹೊರಗೆ ಅರೇ 1ರಿಂದ 12 ಇದ್ದರೂ ಒಳಗೆ ಅದು 0ಯಿಂದ 11. ಅಂದರೆ ಪ್ರಶ್ನೆ ಎರಡನ್ನು ಭಾಷೆ ಹೊತ್ತಿತು, ಮೂರನ್ನು ರಸ್ತೆಯಲ್ಲೇ ಬಿಟ್ಟಿತು. ಅತಿ ಹೆಚ್ಚು ತೂಕದ ಲಾಟ್ ಯಾವುದು ಅಂತ ಹುಡುಕುವ ಫಂಕ್ಷನ್ 4 ಅಂತ ಉತ್ತರ ಕೊಟ್ಟರೆ, ನಿಮ್ಮ ಪಟ್ಟಿಯಲ್ಲಿ ಅದು 5ನೇ ಲಾಟು. ಇದನ್ನು ಸರಿ ಮಾಡೋಕೆ ಕರೆಯುವ ಜಾಗದಲ್ಲೇ ಹೊರಗಿನ ಅರೇಯ ಲೋ ಬೆಲೆಯನ್ನು ಕೂಡಿಸಿ. ಫಂಕ್ಷನ್ ಒಳಗೆ ಸುಮ್ನೆ 1 ಕೂಡಿಸಬೇಡಿ, ನಾಳೆ 0ಯಿಂದ ಶುರುವಾಗುವ ಅರೇ ಬಂದರೆ ಮತ್ತೆ ಎಡವಟ್ಟು.

ಎರಡು, ಕಾನ್ಸ್ಟ್ ಅಥವಾ ವರ್ ಹಾಕದೆ ಬಿಟ್ಟರೆ ಪೂರ್ತಿ ಅರೇ ಕಾಪಿಯಾಗಿ ಸ್ಟ್ಯಾಕ್ (ಫಂಕ್ಷನ್ ಓಡುವಾಗ ಬಳಸುವ ಸೀಮಿತ ಮೆಮೊರಿ) ಮೇಲೆ ಹೋಗುತ್ತದೆ. 12 ಲಾಟಿಗೆ ಗೊತ್ತೇ ಆಗುವುದಿಲ್ಲ. ಹತ್ತು ಲಕ್ಷ ಮನೆಗಳ ಅರೇ ಆದರೆ ಒಂದೊಂದಕ್ಕೆ 8 ಬೈಟ್ ಅಂದರೂ 80 ಲಕ್ಷ ಬೈಟ್, ಸ್ಟ್ಯಾಕ್ ತುಂಬಿ ಪ್ರೋಗ್ರಾಂ ಬೀಳಬಹುದು. ಬರೀ ಓದುವುದಾದರೆ ಕಾನ್ಸ್ಟ್, ಬದಲಾಯಿಸುವುದಾದರೆ ವರ್. ಇದನ್ನು ಅಭ್ಯಾಸ ಮಾಡಿಕೊಂಡುಬಿಡಿ.

ಮೂರು, ನೋಡೋಕೆ ಒಂದೇ ಥರ ಕಾಣುವ ಎರಡು ಬೇರೆ ವಸ್ತುಗಳಿವೆ. ‘ಅರೇ ಆಫ್ ಡಬಲ್’ ಅಂತ ಪ್ಯಾರಾಮೀಟರ್ ಪಟ್ಟಿಯಲ್ಲಿ ನೇರ ಬರೆದರೆ ಓಪನ್ ಅರೇ. ಅದನ್ನೇ ವೇರಿಯಬಲ್ ಅಂತ ಅಥವಾ ಟೈಪ್ ಅಂತ ಬರೆದರೆ ಡೈನಾಮಿಕ್ ಅರೇ. ಮೊದಲನೆಯದಕ್ಕೆ ಸೆಟ್‌ಲೆಂತ್ ಮಾಡಿ ಉದ್ದ ಹೆಚ್ಚಿಸೋಕೆ ಆಗುವುದಿಲ್ಲ, ಎರಡನೆಯದಕ್ಕೆ ಆಗುತ್ತದೆ. ಫಂಕ್ಷನ್ ಒಳಗೇ ಉದ್ದ ಬದಲಾಗಬೇಕು ಅಂದರೆ ಮೊದಲು ಟೈಪಿಗೆ ಹೆಸರಿಟ್ಟು, ಆ ಹೆಸರಿನಲ್ಲಿ ವರ್ ಪ್ಯಾರಾಮೀಟರ್ ಮಾಡಿ.

ಇನ್ನು ಖಾಲಿ ದಿನದ ವಿಷಯ. ಒಂದೂ ಲಾಟ್ ಇಲ್ಲದ ಅರೇ ಬಂದರೆ ಹೈ -1 ಕೊಡುತ್ತದೆ, ಲೂಪ್ ಒಂದು ಸಲವೂ ಓಡುವುದಿಲ್ಲ, ಮೊತ್ತ 0. ಚೆನ್ನಾಗಿದೆ. ಸರಾಸರಿ ಫಂಕ್ಷನ್ ಆದರೆ ಸೊನ್ನೆಯಿಂದ ಭಾಗಿಸಲು ಹೋಗಿ ಎರರ್, ಗರಿಷ್ಠ ಹುಡುಕುವ ಫಂಕ್ಷನ್ ಆದರೆ ಇಲ್ಲದ ಎ[0] ಓದುತ್ತದೆ. ಮೊದಲ ಸಾಲಿನಲ್ಲೇ ಉದ್ದ ಪರೀಕ್ಷಿಸಿ.

ತುಂಬಿರುವುದು ಎಷ್ಟು? ಹೆಚ್ಚು ಜನ ಎಡವುವುದು ಇಲ್ಲೇ

ನಿಜ ಹೇಳಬೇಕೆಂದರೆ ಸೈಜಿನ ತಪ್ಪಿಗಿಂತ ನಾಲ್ಕನೇ ಪ್ರಶ್ನೆಯ ತಪ್ಪೇ ಜಾಸ್ತಿ. ದಿನಕ್ಕೆ 100 ಲಾಟ್ ದಾಟಲ್ಲ ಅಂತ 100 ಮನೆಯ ಅರೇ ಇಟ್ಟಿರುತ್ತೀರಿ. ಇವತ್ತು ಬಂದಿದ್ದು 37. ಅರೇಯನ್ನು ಹಾಗೇ ಕೊಟ್ಟರೆ ಫಂಕ್ಷನ್ ಪ್ರಾಮಾಣಿಕವಾಗಿ 100 ಮನೆಯನ್ನೂ ಕೂಡುತ್ತದೆ. ಉಳಿದ 63ರಲ್ಲಿ ಸೊನ್ನೆ ಇದ್ದರೆ ಮೊತ್ತ ಸರಿಯಾಗೇ ಬರುತ್ತದೆ, ನೀವೂ ಖುಷಿಯಾಗಿರುತ್ತೀರಿ. ಸರಾಸರಿ ತೆಗೆದ ದಿನ ಬಣ್ಣ ಬಯಲು, ಯಾಕೆಂದರೆ ಭಾಗಿಸಿದ್ದು 100ರಿಂದ. ಕನಿಷ್ಠ ತೂಕ ಕೇಳಿದರೆ ಸೊನ್ನೆ ಅನ್ನುತ್ತದೆ. ಅರೇಯಲ್ಲಿ ನಿನ್ನೆಯ ಲೆಕ್ಕ ಉಳಿದಿದ್ದರಂತೂ ಮೊತ್ತವೂ ಸುಳ್ಳು, ಆದರೆ ನಂಬುವ ಹಾಗಿರುವ ಸುಳ್ಳು.

ಇದಕ್ಕೆ ಒಳ್ಳೆಯ ದಾರಿ, ಫಂಕ್ಷನ್ ಬದಲಾಯಿಸದೆ ಕರೆಯುವ ಕಡೆಯೇ ತುಂಡು ಮಾಡಿ ಕೊಡುವುದು. ಫ್ರೀ ಪ್ಯಾಸ್ಕಲ್, ಡೆಲ್ಫಿಯಲ್ಲಿ ಮೊತ್ತ(ಸ್ಲೈಸ್(ತೂಕ, 37)). ಫೋರ್ಟ್ರಾನ್‌ನಲ್ಲಿ ಮೊತ್ತ(ತೂಕ(1:37)). ಏಡಾದಲ್ಲಿ ಮೊತ್ತ(ತೂಕ(1..37)). ಒಳಗಿನ ಫಂಕ್ಷನ್‌ಗೆ ತನಗೆ ಸಿಕ್ಕಿದ್ದು 37 ಮನೆಯ ಅರೇ ಅಂತಲೇ ಅನ್ನಿಸುತ್ತದೆ. ಐಎಸ್‌ಒ ಪ್ಯಾಸ್ಕಲ್‌ನ ಕನ್‌ಫಾರ್ಮೆಂಟ್ ಅರೇಗೆ ಈ ಸೌಲಭ್ಯ ಇಲ್ಲ, ಎಣಿಕೆಯನ್ನು ಬೇರೆ ಪ್ಯಾರಾಮೀಟರ್ ಮಾಡಿ ಕಳಿಸಬೇಕು.

ಸಿ: ವಿಳಾಸ ಮಾತ್ರ

ಸಿಯಲ್ಲಿ ಫಂಕ್ಷನ್‌ಗೆ ಅರೇ ಕೊಟ್ಟೆ ಅಂದುಕೊಂಡರೂ ಹೋಗುವುದು ಮೊದಲ ಮನೆಯ ವಿಳಾಸ ಅಷ್ಟೇ. ಮದುವೆ ಊಟದವರಿಗೆ ಛತ್ರದ ವಿಳಾಸ ಕೊಟ್ಟು ಎಷ್ಟು ಎಲೆ ಅಂತ ಹೇಳದೆ ಬಂದ ಹಾಗೆ. ಆದ್ದರಿಂದ ಫಂಕ್ಷನ್ ಒಳಗೆ, ಎಷ್ಟು ಬೈಟ್ ಅಂತ ಹೇಳುವ ಸೈಜಾಫ್ ಹಾಕಿ ಎಣಿಕೆ ತೆಗೆಯುವ ಆಸೆ ಬಿಡಿ. ಹೊರಗೆ ಅದು ಸರಿಯಾಗಿ ನಡೆಯುತ್ತದೆ, ಒಳಗೆ ಅದು ಕೊಡುವುದು ಪಾಯಿಂಟರ್‌ನ, ಅಂದರೆ ಆ ವಿಳಾಸದ, ಸೈಜು. 64 ಬಿಟ್ ಯಂತ್ರದಲ್ಲಿ ಪಾಯಿಂಟರ್ 8 ಬೈಟ್. ಡಬಲ್ ಕೂಡ 8 ಬೈಟ್, ಹಾಗಾಗಿ ಎಣಿಕೆ 1 ಬರುತ್ತದೆ. ಇಂಟ್ ಸಾಮಾನ್ಯವಾಗಿ 4 ಬೈಟ್, ಎಣಿಕೆ 2 ಬರುತ್ತದೆ. ಎಷ್ಟೇ ಲಾಟ್ ಕೊಟ್ಟರೂ ಮೊದಲ ಒಂದೋ ಎರಡೋ ಲಾಟಿನ ಮೊತ್ತವೇ ಬರುತ್ತಿದೆ ಅಂದರೆ ರೋಗ ಇದೇ, ಬೇರೆ ಕಡೆ ಹುಡುಕಬೇಡಿ. ಸಿ ಕಂಪೈಲರ್ ಜಿಸಿಸಿ ಈ ತಪ್ಪಿಗೆ ಎಚ್ಚರಿಕೆ ಕೊಡುತ್ತದೆ. ಎರರ್ ಅಲ್ವಲ್ಲ, ಎಚ್ಚರಿಕೆ ತಾನೇ ಅಂತ ದಾಟಿಸಬೇಡಿ.

1999ರ ಸಿ ಮಾನದಂಡವಾದ ಸಿ99ರಿಂದ ಸರಿಯಾದ ಬರವಣಿಗೆ ಹೀಗೆ:

ಡಬಲ್ ಮೊತ್ತ(ಇಂಟ್ ಎನ್, ಕಾನ್ಸ್ಟ್ ಡಬಲ್ ಎ[ಎನ್])
{
  ಡಬಲ್ ಒ = 0;
  ಫಾರ್ (ಇಂಟ್ ಐ = 0; ಐ < ಎನ್; ಐ++) ಒ += ಎ[ಐ];
  ರಿಟರ್ನ್ ಒ;
}

ಎನ್ ಮೊದಲು ಬರಬೇಕು, ಅರೇ ಆಮೇಲೆ. ತಿರುಗಿಸಿ ಬರೆದರೆ ಕಂಪೈಲರ್‌ಗೆ ಆ ಹೊತ್ತಿಗೆ ಎನ್ ಯಾರೋ ಗೊತ್ತಿರುವುದಿಲ್ಲ. ಒಂದು ಆಯಾಮದ ಅರೇಯಲ್ಲಿ ಎ[ಎನ್] ಅಂತ ಬರೆಯುವುದು ಓದುವವರಿಗೆ ಅನುಕೂಲವೇ ಹೊರತು ಭಾಷೆ ಅದನ್ನು ಕಾಯುವುದಿಲ್ಲ. ಆದರೂ ಬರೆಯಿರಿ, ಯಾವ ಎಣಿಕೆ ಯಾವ ಅರೇಗೆ ಸೇರಿದ್ದು ಅಂತ ಒಂದೇ ನೋಟಕ್ಕೆ ತಿಳಿಯುತ್ತದೆ. ನಾಲ್ಕನೇ ಪ್ರಶ್ನೆಗೆ ಇಲ್ಲಿ ಉತ್ತರ ಸಲೀಸು: 100 ಮನೆಯ ಅರೇ ಇದ್ದರೂ ಎನ್ ಜಾಗದಲ್ಲಿ 37 ಕೊಡಿ, ಮುಗಿಯಿತು.

ಎರಡು ಆಯಾಮ ಬಂದಾಗ

ಚಿತ್ರದುರ್ಗ ಜಿಲ್ಲೆಯ 6 ತಾಲ್ಲೂಕು, 12 ತಿಂಗಳ ಮಳೆ. ಸಾಲು 0 ಚಿತ್ರದುರ್ಗ, ಸಾಲು 1 ಚಳ್ಳಕೆರೆ, ಆಮೇಲೆ ಹಿರಿಯೂರು, ಹೊಳಲ್ಕೆರೆ, ಹೊಸದುರ್ಗ, ಮೊಳಕಾಲ್ಮೂರು. ಸಿ99ರಲ್ಲಿ ಫಂಕ್ಷನ್ ತಲೆಬರಹ ಹೀಗಿರುತ್ತದೆ:

ಡಬಲ್ ಜಿಲ್ಲಾಮಳೆ(ಇಂಟ್ ಸಾಲು, ಇಂಟ್ ಕಂಬ, ಡಬಲ್ ಮ[ಸಾಲು][ಕಂಬ])

ಇಲ್ಲಿ ‘ಕಂಬ’, ಅಂದರೆ ಕಾಲಂಗಳ ಎಣಿಕೆ, ಬರೀ ಅಲಂಕಾರವಲ್ಲ. ಮ[ಐ][ಜೆ] ಎಲ್ಲಿದೆ ಅಂತ ಕಂಪೈಲರ್ ಲೆಕ್ಕ ಹಾಕುವುದು ಐ × ಕಂಬ + ಜೆ ಅಂತ. ಅದು ತಪ್ಪಿದರೆ ಎಲ್ಲವೂ ತಪ್ಪು. ಜುಲೈ ತನಕ ಮಾತ್ರ ಅಂಕಿ ಬಂದಿದೆ ಅಂತ ಕಂಬ ಜಾಗದಲ್ಲಿ 7 ಕೊಟ್ಟರೆ ಏನಾಗುತ್ತದೆ ನೋಡಿ. ಸಾಲು 1, ತಿಂಗಳು 0 ಕೇಳಿದಾಗ ಅದು ಶುರುವಿನಿಂದ 7 ಮನೆ ದಾಟಿ ನಿಲ್ಲುತ್ತದೆ. ನಿಜವಾದ ಅರೇಯಲ್ಲಿ ಅದು ಚಿತ್ರದುರ್ಗದ ಆಗಸ್ಟ್. ಪ್ರೋಗ್ರಾಂ ಅದನ್ನು ಚಳ್ಳಕೆರೆಯ ಜನವರಿ ಅಂತ ತೋರಿಸುತ್ತದೆ, ಕಂಪೈಲರ್ ಸಾಮಾನ್ಯವಾಗಿ ಚಕಾರ ಎತ್ತುವುದಿಲ್ಲ. ಕಂಬ ಯಾವತ್ತೂ ಅರೇ ಘೋಷಿಸಿದಾಗಿನ 12 ಆಗಿರಬೇಕು. 7 ಅನ್ನುವುದು ಎಷ್ಟು ತಿಂಗಳು ತುಂಬಿದೆ ಅನ್ನುವ ಬೇರೆ ಪ್ಯಾರಾಮೀಟರ್.

ವಿಎಲ್ಎ (ವೇರಿಯಬಲ್ ಲೆಂತ್ ಅರೇ, ಅಂದರೆ ಉದ್ದ ಪ್ರೋಗ್ರಾಂ ಓಡುವಾಗ ತೀರ್ಮಾನವಾಗುವ ಅರೇ) ಅಪಾಯ, ಮುಟ್ಟಬೇಡಿ ಅಂತ ಹೇಳುವವರಿದ್ದಾರೆ. ಅವರು ಹೇಳುವುದು ಫಂಕ್ಷನ್ ಒಳಗೆ ಹೊಸದಾಗಿ ಹುಟ್ಟಿಸುವ ಅರೇ ಬಗ್ಗೆ. ಅದು ಸ್ಟ್ಯಾಕ್ ತಿನ್ನುತ್ತದೆ, 2018ರಲ್ಲಿ ಲಿನಕ್ಸ್ ಕರ್ನಲ್‌ನಿಂದ ಅವನ್ನು ತೆಗೆದುಹಾಕಿದ್ದಾರೆ. ಪ್ಯಾರಾಮೀಟರ್ ಆಗಿ ಬರೆದರೆ ಹೊಸ ಜಾಗವೇನೂ ಹಿಡಿಯುವುದಿಲ್ಲ, ಹೋಗುವುದು ವಿಳಾಸವೇ. ಸಿ11 ಇದನ್ನೆಲ್ಲ ಕಂಪೈಲರ್ ಇಷ್ಟಕ್ಕೆ ಬಿಟ್ಟಿತ್ತು, ಸಿ23 ಪ್ಯಾರಾಮೀಟರ್ ರೂಪವನ್ನು ಮತ್ತೆ ಕಡ್ಡಾಯ ಮಾಡಿದೆ. ಮೈಕ್ರೋಸಾಫ್ಟ್‌ನ ಕಂಪೈಲರ್‌ನಲ್ಲಿ ಮಾತ್ರ ಇದು ನಡೆಯುವುದಿಲ್ಲ.

ಫ್ರೀ ಪ್ಯಾಸ್ಕಲ್‌ನ ಓಪನ್ ಅರೇ ಒಂದೇ ಆಯಾಮಕ್ಕೆ ಸೀಮಿತ. ‘ಅರೇ ಆಫ್ ಅರೇ ಆಫ್ ಡಬಲ್’ ಅಂತ ಬರೆದರೆ ಒಳಗಿನದು ಡೈನಾಮಿಕ್ ಅರೇ ಆಗಿಬಿಡುತ್ತದೆ, ನಿಮ್ಮ 6 × 12 ಸ್ಥಿರ ಅರೇ ಅದಕ್ಕೆ ಹೊಂದುವುದಿಲ್ಲ. ಹಳೆಯ ಕನ್‌ಫಾರ್ಮೆಂಟ್ ಅರೇ ಇದನ್ನು ಸಲೀಸಾಗಿ ಮಾಡುತ್ತಿತ್ತು: ಅರೇ [ಅ..ಆ: ಇಂಟಿಜರ್, ಇ..ಈ: ಇಂಟಿಜರ್] ಆಫ್ ರಿಯಲ್.

ಫೋರ್ಟ್ರಾನ್, ಏಡಾ: ಬೇಗ ನೋಡಿಬಿಡೋಣ

ಫೋರ್ಟ್ರಾನ್ 90ರಿಂದ ಎ(:) ಅಂತ ಬರೆದರೆ ಸಾಕು, ಎರಡು ಆಯಾಮಕ್ಕೆ ಎ(:,:). ಸೈಜು ಜೊತೆಗೇ ಬರುತ್ತದೆ, ಸೈಜ್(ಎ) ಅಂತ ಕೇಳಬಹುದು. ಎರಡು ಎಚ್ಚರಿಕೆ ಇವೆ. ಹೊರಗಿನ ನಂಬರಿಂಗ್ ಏನೇ ಇರಲಿ, ಒಳಗೆ 1ರಿಂದ ಶುರು. ಮತ್ತೆ ಈ ಫಂಕ್ಷನ್ ಮಾಡ್ಯೂಲ್ ಒಳಗೆ ಅಥವಾ ಕಂಟೇನ್ಸ್ ಕೆಳಗೆ ಇರಬೇಕು. ಬೇರೆ ಫೈಲಿನಲ್ಲಿ ಒಂಟಿಯಾಗಿಟ್ಟು ಕರೆದರೆ, ಕರೆಯುವವನು ಬರೀ ವಿಳಾಸ ಕಳಿಸುತ್ತಾನೆ, ಒಳಗಿನವನು ಸೈಜಿನ ವಿವರವೂ ಬಂದಿದೆ ಅಂತ ಓದುತ್ತಾನೆ, ಪ್ರೋಗ್ರಾಂ ಅಲ್ಲೇ ಕುಸಿಯುತ್ತದೆ.

ಏಡಾದಲ್ಲಿ ಟೈಪನ್ನೇ ಅಂಚು ಹೇಳದೆ ಘೋಷಿಸುತ್ತೀರಿ. ಹೊರಗಿನ ನಂಬರಿಂಗ್ ಹಾಗೇ ಒಳಗೆ ಬರುತ್ತದೆ. ತೂಕ(3..5) ಕೊಟ್ಟರೆ ಒಳಗಿನ ಮೊದಲ ಇಂಡೆಕ್ಸ್ 3. ಹಾಗಾಗಿ ಲೂಪಿನಲ್ಲಿ 1 ಅಂತ ಬರೆಯಲೇಬೇಡಿ, ಎ'ರೇಂಜ್ ಅಂತ ಬರೆಯಿರಿ. ನಾಲ್ಕೂ ಪ್ರಶ್ನೆ ಇಟ್ಟುಕೊಂಡು ತೂಗಿದರೆ ನನ್ನ ಪ್ರಕಾರ ಏಡಾ ಮುಂದಿದೆ, ಆದರೆ ನಮ್ಮ ಕಡೆ ಅದನ್ನು ಕಲಿಸುವವರು ಕಡಿಮೆ.

ಕೊನೆಗೆ, ಪರೀಕ್ಷೆ

ಫಂಕ್ಷನ್ ಬರೆದ ಮೇಲೆ ಒಂದೇ ಸೈಜು ಕೊಟ್ಟು ಎದ್ದು ಹೋಗಬೇಡಿ. ಒಂದೂ ಲಾಟ್ ಇಲ್ಲದ ದಿನ, ಒಂದೇ ಲಾಟ್ ಇರುವ ದಿನ, ಅರೇ ಪೂರ್ತಿ ತುಂಬಿದ ದಿನ, ಅರ್ಧ ತುಂಬಿದ ದಿನ ಇಷ್ಟನ್ನು ಕೊಟ್ಟು ನೋಡಿ. ಅರ್ಧ ತುಂಬಿದ ಪರೀಕ್ಷೆಯಲ್ಲಿ ಖಾಲಿ ಮನೆಗಳಿಗೆ ಸೊನ್ನೆ ಬದಲು 99999 ಥರದ ಅಂಕಿ ತುಂಬಿ, ತಪ್ಪು ಇದ್ದರೆ ಕಣ್ಣಿಗೆ ರಾಚುತ್ತದೆ. 1 ಅಥವಾ 0 ಬಿಟ್ಟು 5ರಿಂದ ಶುರುವಾಗುವ ಅರೇಯನ್ನು, ಭಾಷೆ ಬಿಡುವುದಾದರೆ, ಒಮ್ಮೆ ಕೊಡಿ. ಫ್ರೀ ಪ್ಯಾಸ್ಕಲ್‌ನಲ್ಲಿ ರೇಂಜ್ ಚೆಕ್ ಆನ್ ಮಾಡಿ, ಜಿಫೋರ್ಟ್ರಾನ್‌ನಲ್ಲಿ ಬೌಂಡ್ಸ್ ಚೆಕ್, ಜಿಸಿಸಿಯಲ್ಲಿ ಅಡ್ರೆಸ್ ಸ್ಯಾನಿಟೈಸರ್. ಅರೇಯ ಅಂಚು ದಾಟಿದ್ದನ್ನು ಹಿಡಿಯೋಕೆ ಇವೆಲ್ಲ.

ನಿಮ್ಮ ಲ್ಯಾಬಿನಲ್ಲಿ ಇನ್ನೂ ಹಳೆಯ ಟರ್ಬೊ ಸಿ ನೀಲಿ ಪರದೆಯೇ ಇದ್ದರೆ ಸಿ99ರ ಯಾವುದೂ ಅಲ್ಲಿ ನಡೆಯುವುದಿಲ್ಲ. ಆಗ ಎರಡು ಆಯಾಮದ ಅರೇಯನ್ನು ಮೊದಲೇ 72 ಮನೆಯ ಒಂದು ಆಯಾಮದ ಅರೇಯಾಗಿ ಇಟ್ಟುಕೊಳ್ಳಿ, ವಿಳಾಸದ ಜೊತೆ ಸಾಲು, ಕಂಬ ಎರಡನ್ನೂ ಕಳಿಸಿ, ಒಳಗೆ ಮ[ಐ * ಕಂಬ + ಜೆ] ಅಂತ ನೀವೇ ಬರೆಯಿರಿ. ಕಂಪೈಲರ್ ಮಾಡುತ್ತಿದ್ದ ಲೆಕ್ಕವೇ ಅದು, ಇಲ್ಲಿ ನೀವು ಮಾಡುತ್ತೀರಿ ಅಷ್ಟೇ.